ಗೋಡೆಯ ಮೇಲಿನ ಬಜಾರಿ

ಹೆತ್ತವರು ಇಟ್ಟ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಮಿಕ್ಕಂತೆ ಅವಳು ಎಲ್ಲರಿಗೂ ಕ್ಲಚ್ಚಕ್ಕ. ಕಾರು ಕಲಿಸುವಾಗ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್ಚು! ಕ್ಲಚ್ಚು! ಅಯ್ಯೋ, ಮೊದಲು ಕ್ಲಚ್ಚು ಒತ್ತಮ್ಮಾ!" ಎಂದು ಅವಳು ಕೂಗುವುದು ಮೈದಾನದ ಆಚೆ ಬದಿಯ ಮನೆಗಳಿಗೂ ಕೇಳುತ್ತಿತ್ತು. ಆ ಕೂಗಿನಿಂದಲೇ ಹುಟ್ಟಿದ ಹೆಸರು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಏರಿನಲ್ಲಿ ಹಿಂದಕ್ಕೆ ಜಾರುತ್ತಿದ್ದ ಗಾಡಿಯನ್ನು ಹಿಡಿದು ನಿಲ್ಲಿಸಲು ಕಲಿಸಿದವಳನ್ನು ಅಕ್ಕ ಎನ್ನದೆ ಇನ್ನೇನೆನ್ನುವುದು?

ಕಲಿಯಲು ಬರುವವರಲ್ಲಿ ಹೆಂಗಸರೇ ಹೆಚ್ಚು. ಗಂಡಸರೂ ಬರುತ್ತಿದ್ದರು, ಆದರೆ ಅವರು ಕಲಿಯಲು ಬಂದೆವೆಂದು ಹೇಳುತ್ತಿರಲಿಲ್ಲ. "ನನಗೆ ಬರುತ್ತೆ ಅಕ್ಕ, ಸ್ವಲ್ಪ ರೂಢಿ ತಪ್ಪಿದೆ ಅಷ್ಟೆ" ಎನ್ನುತ್ತಿದ್ದರು. ಹಾಗೆಂದವನು ಎಂಜಿನ್ ಶುರುಮಾಡಲು ವೈಪರ್ ತಿರುಗಿಸಿದ್ದನ್ನೂ ಅವಳು ನೋಡಿದ್ದಳು.

ಪಾಠ ನಡೆಯುತ್ತಿದ್ದುದು ಮುಚ್ಚಿಹೋದ ನೂಲಿನ ಗಿರಣಿಯ ಹಿಂದಿನ ಮೈದಾನದಲ್ಲಿ. ಮೈದಾನದ ಒಂದು ಬದಿಗೆ ಗಿರಣಿಯ ಉದ್ದನೆಯ ಗೋಡೆ. ಗಾರೆ ಅಲ್ಲಲ್ಲಿ ಉದುರಿದ್ದರೂ ಊರಿನ ಪೋಲಿಗಳಿಗೆ ಅದಕ್ಕಿಂತ ಒಳ್ಳೆಯ ಹಲಗೆ ಬೇರೆ ಇರಲಿಲ್ಲ. ಬಾಣ ಚುಚ್ಚಿದ ಹೃದಯಗಳು, ಯಾರೋ ಯಾರಿಗೋ ಹಾಕಿದ ಸವಾಲು, 'ಇಲ್ಲಿ ಮೂತ್ರ ಮಾಡಬಾರದು' ಎಂಬ ಸಾಲು, ಅದರ ಕೆಳಗೇ ಆ ಸಾಲಿಗೆ ಸಿಕ್ಕಿದ ಮರ್ಯಾದೆಯ ಗುರುತು. ನಡುನಡುವೆ ಹೆಂಗಸರ ಬಗ್ಗೆ ಬಾಯಲ್ಲಿ ಹೇಳಲಾಗದ ಮಾತುಗಳು. ಅಂಥವನ್ನು ಕಂಡೂ ಕಾಣದ ಹಾಗೆ ದಾಟಿ ಹೋಗುವುದನ್ನು ಅವಳು ಎರಡು ಜಡೆಯ ವಯಸ್ಸಿನಲ್ಲೇ ಕಲಿತಿದ್ದಳು. ಅದಕ್ಕೆ ಯಾವ ಶಾಲೆಯೂ ಬೇಕಾಗಿರಲಿಲ್ಲ.

ಆದರೆ ಆ ಬೆಳಿಗ್ಗೆ ಕಂಡದ್ದನ್ನು ಕಾಣದಂತೆ ದಾಟಲು ಆಗಲಿಲ್ಲ. ಹೊಚ್ಚಹೊಸ ನೀಲಿ ಬಣ್ಣದಲ್ಲಿ, ಆಳೆತ್ತರದಲ್ಲಿ, ದುಂಡನೆಯ ಅಕ್ಷರಗಳಲ್ಲಿ ಬರೆದಿತ್ತು:

'ಗೋಡೆಗಳೇ, ದಾರಿ ಬಿಡಿ! ಹೆಂಗಸರು ರಿವರ್ಸ್ ಬರುತ್ತಿದ್ದಾರೆ.'

ಕ್ಲಚ್ಚಕ್ಕನಿಗೆ ಪುಸಕ್ಕನೆ ನಗು ಬಂದುಬಿಟ್ಟಿತು. ಕೊಳಕು ಮಾತಿಲ್ಲ, ಕಾಗುಣಿತ ತಪ್ಪಿಲ್ಲ. 'ಳ'ಕಾರದ ಬಾಲವನ್ನಂತೂ ಚೇಳಿನ ಕೊಂಡಿಯ ಹಾಗೆ ಮೇಲಕ್ಕೆ ಎತ್ತಿ ಕೊಂಕಿಸಿದ್ದ, ಬರೆದವನು ಯಾರೋ. ಗೋಡೆಗಳು ಪಂಚೆ ಎತ್ತಿ ಕಟ್ಟಿಕೊಂಡು ಓಡುವ ಚಿತ್ರ ಅವಳ ಕಣ್ಣ ಮುಂದೆ ಬಂದು ಮತ್ತಷ್ಟು ನಗು ಉಕ್ಕಿತು.

ಸ್ಟಿಯರಿಂಗ್ ಹಿಡಿದು ಕೂತಿದ್ದವಳು ನರ್ಸಮ್ಮ. ದೊಡ್ಡಾಸ್ಪತ್ರೆಯಲ್ಲಿ ಕೆಲಸ. ಸಿಗದ ನರವನ್ನು ಹುಡುಕಿ ಮೊದಲ ಸಲಕ್ಕೇ ಸೂಜಿ ಇಳಿಸುವ ಕೈ ಎಂದು ಹೆಸರಾಗಿದ್ದವಳು. ಅಂದು ಅವಳಿಗೆ ಮೊದಲ ರಿವರ್ಸ್ ಪಾಠ. ಗೋಡೆಯ ಮುಂದೆ ಸಾಲಾಗಿ ಇಟ್ಟ ಖಾಲಿ ಬಣ್ಣದ ಡಬ್ಬಿಗಳ ನಡುವೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಬೇಕಿತ್ತು. ಅವಳು ಕನ್ನಡಿಯಲ್ಲಿ ನೋಡಿದಳು. ಕನ್ನಡಿಯಲ್ಲಿ ಕಂಡದ್ದು ಡಬ್ಬಿಗಳಲ್ಲ, ಆ ನೀಲಿ ಸಾಲು. ಅಕ್ಷರಗಳು ಅಲ್ಲಿ ತಿರುಗುಮುರುಗಾಗಿದ್ದರೂ ಒಳಗೆ ಬರುವಾಗಲೇ ಓದಿಯಾಗಿತ್ತು. ಗಾಡಿ ಗಕ್ಕನೆ ನಿಂತಿತು. ಮತ್ತೆ ಶುರುಮಾಡಿದಳು, ಮತ್ತೆ ನಿಂತಿತು. ಮೂರನೆಯ ಸಲ ಗಾಡಿ ಸರ್ರನೆ ಹಿಂದಕ್ಕೆ ಹೋಗಿ ಡಬ್ಬಿಗಳೆಲ್ಲ ಢಣಢಣ ಉರುಳಿದವು.

"ಇವತ್ತಿಗೆ ಸಾಕು ಅಕ್ಕ" ಎಂದು ನರ್ಸಮ್ಮ ಇಳಿದು ಹೋದಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಫೋನು ಮಾಡಿದರೆ ಡ್ಯೂಟಿ ಬದಲಾಗಿದೆ ಎಂದಳು. ಆ ದನಿ ಕೇಳಿದ ಮೇಲೆ ಕ್ಲಚ್ಚಕ್ಕನಿಗೆ ಆ ಸಾಲು ನೆನೆದರೂ ನಗು ಬರಲಿಲ್ಲ.

ಮನೆಯಲ್ಲಿ ವಿಷಯ ಹೇಳಿದಳು. ಗಂಡ ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿನ ಕಂಕುಳು ಬಿಚ್ಚುತ್ತಿದ್ದವನು, ಸಾಲು ಕೇಳಿ ಕಿಸಕ್ಕೆಂದ. ಹೆಂಡತಿಯ ಮುಖ ನೋಡಿ, ಬಾಯಲ್ಲಿದ್ದ ಗುಂಡುಸೂಜಿ ನುಂಗಿಯೇಬಿಟ್ಟನೇನೋ ಎಂಬಂತೆ ಕೆಮ್ಮಿದ.

"ನಕ್ಕಿದ್ದು ಸಾಕು. ನಾನೂ ನಕ್ಕೆ, ಆಮೇಲೆ ಒಂದು ಪಾಠ ಹೋಯ್ತು" ಎಂದಳು ಕ್ಲಚ್ಚಕ್ಕ.

"ಸುಣ್ಣ ಬಳಿದುಬಿಡು ಕಣೇ. ಗೋಡೆಗೇನು ನಾಲಿಗೆ ಇದ್ಯಾ, ತಿರುಗಿ ಮಾತಾಡೋಕೆ?"

ಬಳಿದಳು. ಆದರೆ ಗೋಡೆಗೆ ನಾಲಿಗೆ ಇತ್ತು. ಮುಂದಿನ ಬೆಳಿಗ್ಗೆ ಸುಣ್ಣದ ಮೇಲೆಯೇ ನೀಲಿ ಅಕ್ಷರಗಳು ಕಂಗೊಳಿಸುತ್ತಿದ್ದವು: 'ಸುಣ್ಣ ಬಳಿದರೆ ಗೇರು ಬೀಳುತ್ತದೆಯೇ, ಅಕ್ಕ?'

ಇದು ನೇರ ಅವಳಿಗೇ ಇಟ್ಟ ಬತ್ತಿ. ಅವಳು ಮತ್ತೆ ಬಳಿದಳು. ಮತ್ತೆ ಬರೆದ. ಈ ಸಲ ವಾಕ್ಯ ಕಟ್ಟುವ ತೊಂದರೆಯನ್ನೂ ತೆಗೆದುಕೊಂಡಿರಲಿಲ್ಲ. ಒಂದೇ ಪದ, ಗೋಡೆಯ ಅರ್ಧ ಅಗಲಕ್ಕೆ: 'ಬಜಾರಿ.'

ಮೊದಲಿನ ಎರಡರಲ್ಲಿ ಒಂದಿಷ್ಟು ತಮಾಷೆಯಾದರೂ ಇತ್ತು. ಇದರಲ್ಲಿ ಬರೀ ಸಿಟ್ಟು. ಕ್ಲಚ್ಚಕ್ಕ ಅಂದು ಊಟದ ತಟ್ಟೆಯ ಮುಂದೆ ಕೂತು ಆ ಪದ ಹೇಳಿದಾಗ ಗಂಡ ನಗಲಿಲ್ಲ. ನಕ್ಕದ್ದು ಅತ್ತೆ.

ಅತ್ತೆ ಮೂಲೆಯಲ್ಲಿ ಕೂತು ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಿದ್ದರು. ಮಗನ ಅಂಗಡಿಗೆ ಬೇಕೋ ಬೇಡವೋ, ಅದು ಅವರ ದಿನದ ಕೆಲಸ. "ಅದನ್ನ ನನಗೂ ಅಂದಿದ್ರು" ಎಂದರು.

"ಯಾರು?"

"ಯಾರು ಅಂದಿರಲಿಲ್ಲ ಅಂತ ಕೇಳು. ನನ್ನ ಅತ್ತೆ, ನಾದಿನಿ, ಬೀದಿಯ ಕೊನೇ ಮನೆಯೋನು. ನಿನ್ನ ಮಾವ ಕಾಲು ಮುರ್ಕೊಂಡು ಮಲಗಿದಾಗ ಬಜಾರಿನಲ್ಲಿ ಗುಂಡಿ, ದಾರ ಹರಡಿಕೊಂಡು ಕೂತೆನಲ್ಲ, ಅವಾಗ. ಗಿರಾಕಿ ಕರೀಬೇಕು ಅಂದ್ರೆ ಗಂಟಲು ತೆರೀಬೇಕು. ತೆರೆದೆ. ಬಜಾರಿ ಅಂದ್ರು. ನಾನಂದೆ, ಹೌದಪ್ಪ, ಬಜಾರಿಗೆ ಹೋಗೋಳು ಬಜಾರಿ. ಹೋಗದೆ ಮನೇಲಿ ಕೂತಿದ್ರೆ ನಮ್ಮನೆ ಒಲೆ ಉರೀತಿತ್ತಾ?" ಅತ್ತೆ ಒಂದು ಹಸಿರು ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿ, ಹಸಿರಿನ ಗುಂಪಿಗೆ ತಳ್ಳಿದರು. "ಒಂದೊಂದು ಸಲ ಅಳೂನೂ ಬರ್ತಿತ್ತು ಅನ್ನು. ಅದು ಬೇರೆ ಮಾತು."

ಕ್ಲಚ್ಚಕ್ಕ ಅನ್ನ ಕಲಸುವುದನ್ನು ನಿಲ್ಲಿಸಿದಳು. ಮದುವೆಯಾದಾಗಿನಿಂದ ಅತ್ತೆಯ ಗಂಟಲಿಗೆ ಅವಳೇ ಒಳಗೊಳಗೆ ಎಷ್ಟು ಸಲ ಆ ಹೆಸರು ಇಟ್ಟಿರಲಿಲ್ಲ!

ಬೆಳಿಗ್ಗೆ ಅವಳು ಸುಣ್ಣದ ಬಕೀಟು ಒಯ್ಯಲಿಲ್ಲ. ಗಂಡನ ಮೇಜಿನಿಂದ ಒಂದು ಹಿಡಿ ಬಣ್ಣದ ಸೀಮೆಸುಣ್ಣ, ಹಿತ್ತಲಿನಿಂದ ಎರಡು ತುಂಡು ಇದ್ದಿಲು ಒಯ್ದಳು. ದೊಡ್ಡ ನೀಲಿ 'ಬಜಾರಿ'ಯ ಮುಂದೆ ಎರಡು ಚುಕ್ಕೆ ಇಟ್ಟು, ತನ್ನ ಕೋಳಿಕಾಲಿನಂಥ ಅಕ್ಷರಗಳಲ್ಲಿ ಬರೆದಳು: 'ಬಜಾರಿಗೆ ಸ್ವಂತ ಗಾಡಿಯಲ್ಲಿ ಹೋಗಿ, ಸ್ವಂತ ಗಾಡಿಯಲ್ಲಿ ಬರುವವಳು.'

ಅಂದಿನ ಮೊದಲ ಪಾಠಕ್ಕೆ ಬಂದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸು. ಅದನ್ನು ಓದಿ ಕಾರಿನಿಂದ ಇಳಿದೇಬಿಟ್ಟಳು. "ಅಕ್ಕ, ಇದ್ದಿಲು ಕೊಡಿ ಇಲ್ಲಿ. ನನ್ನ ಮೈದುನ ನನ್ನನ್ನ ಬಾಯಿಬಡುಕಿ ಅಂತಾನೆ." ಸೆರಗು ಸಿಕ್ಕಿಸಿಕೊಂಡು ಬರೆದಳು: 'ಬಾಯಿಬಡುಕಿ: ಹಾರನ್ನು ಕೆಟ್ಟರೂ ಗಾಡಿ ಓಡಿಸಬಲ್ಲವಳು.'

ಆಮೇಲೆ ಕೇಳುವುದೇ ಬೇಡ. ಬಂದವರಿಗೆಲ್ಲ ಒಂದೊಂದು ಬಿರುದು ಮೊದಲೇ ಸಿಕ್ಕಿತ್ತು, ಅರ್ಥ ಬರೆಯುವುದಷ್ಟೇ ಬಾಕಿ. 'ಗಂಡುಬೀರಿ: ಪಂಕ್ಚರ್ ಆದಾಗ ಗಂಡಿಗಾಗಿ ಕಾಯದವಳು.' 'ವಯ್ಯಾರಿ: ತಿರುವಿಗೆ ಮೊದಲೇ ಇಂಡಿಕೇಟರ್ ಹಾಕಿ, ನಿಧಾನವಾಗಿ ಬಳುಕುವವಳು.' ಕಾಲೇಜಿನ ಹುಡುಗಿಯೊಬ್ಬಳು ಬರೆದ ಒಂದನ್ನು ಮಾತ್ರ ಕ್ಲಚ್ಚಕ್ಕ ಓದಿ, ಕೆಂಪಗಾಗಿ, ಅಂಗೈಯಿಂದಲೇ ಒರೆಸಿದಳು. "ಇದನ್ನ ನಮ್ಮತ್ತೆ ಓದಿದ್ರೆ ನಗ್ತಾರೆ, ನಾನು ಓದಲಾರೆ" ಎಂದಳು.

ಜನ ನಿಂತು ಓದತೊಡಗಿದರು. ಹಾಲಿನ ಗಾಡಿಯವನು ನಿಂತ. ವಾಕಿಂಗ್ ಬಂದ ಹಿರಿಯರು ನಿಂತು, ಓದಿ, ತಮ್ಮ ತಮ್ಮ ಮನೆಯವರನ್ನು ನೆನೆದು ಮುಸಿಮುಸಿ ನಕ್ಕು ಮುಂದೆ ಹೋದರು. ಒಂದು ದಿನ ಗಂಡನೇ ಊಟದ ಡಬ್ಬಿ ಕೊಡುವ ನೆಪದಲ್ಲಿ ಮೈದಾನಕ್ಕೆ ಬಂದ. ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ, ಬಟ್ಟೆಯ ಥಾನು ಪರೀಕ್ಷಿಸುವಂತೆ ನೋಡಿದ. ಜೇಬಿನಿಂದ ಕೆಂಪು ಸೀಮೆಸುಣ್ಣ ತೆಗೆದು, ದರ್ಜಿಯ ಕೈಯಲ್ಲಿ ಗೆರೆ ಎಳೆದುಕೊಂಡು ಬರೆದ: 'ಅಮ್ಮಾವ್ರ ಗಂಡ: ಪಕ್ಕದ ಸೀಟಿನಲ್ಲಿ ನೆಮ್ಮದಿಯಾಗಿ ನಿದ್ದೆ ಹೊಡೆಯುವವನು.'

"ರೀ, ಯಾರಾದ್ರೂ ನೋಡಿದ್ರೆ?"

"ನೋಡಲಿ ಅಂತಲೇ ಬರೆದಿದ್ದು" ಎಂದು ಡಬ್ಬಿ ಕೊಟ್ಟು ಹೋದ.

ನೀಲಿ ಬಣ್ಣದವನು ಮಾತ್ರ ಬಾಯಿ ಕಟ್ಟಿದವನಂತೆ ಸುಮ್ಮನಾಗಿದ್ದ. ನರ್ಸಮ್ಮನೂ ಬರಲಿಲ್ಲ. ಗೋಡೆಯಷ್ಟೂ ನಗುತ್ತಿದ್ದರೂ ಅವಳಿಲ್ಲದ ಬೆಳಗಿನ ಪಾಠದ ಹೊತ್ತು ಖಾಲಿ ಡಬ್ಬಿಯ ಹಾಗೆ ಢಣಗುಟ್ಟುತ್ತಿತ್ತು.

ಈ ನಡುವೆ ಕ್ಲಚ್ಚಕ್ಕನಿಗೆ ದೂರದ ಬಸ್ಸುಗಳ ಬೋರ್ಡು ಮಸುಕಾಗತೊಡಗಿತು. ಕಾರು ಕಲಿಸುವವಳಿಗೆ ಅದು ನಗುವ ಮಾತಲ್ಲ. ಪೇಟೆಯ ಕನ್ನಡಕದ ಅಂಗಡಿಗೆ ಹೋದಳು. ಅಂಗಡಿಯ ಯಜಮಾನ ಗುರುತಿನವನೇ. ಅವನ ಹೆಂಡತಿ ಅವಳಲ್ಲೇ ಕಲಿತು ಲೈಸೆನ್ಸ್ ಪಡೆದವಳು. ತೆಳ್ಳಗಿನ, ಮೃದು ಮಾತಿನ ಮನುಷ್ಯ, ಎದುರಿಗೆ ಬಂದವರಿಗೆಲ್ಲ ಎರಡೆರಡು ಸಲ ನಮಸ್ಕಾರ ಮಾಡುವವನು.

"ಬನ್ನಿ ಅಕ್ಕ, ಬನ್ನಿ" ಎಂದು ಒಳಗಿನ ಕತ್ತಲೆ ಕೋಣೆಯ ಕುರ್ಚಿಯಲ್ಲಿ ಕೂರಿಸಿದ. ಒಂದು ಕಣ್ಣಿಗೆ ಮುಚ್ಚಳ ಇಟ್ಟ. ಎದುರಿನ ಗೋಡೆಯ ಹಲಗೆಯ ಮೇಲೆ ದೀಪ ಹಾಕಿದ. "ಹಳೇದು ಮಾಸಿಹೋಗಿತ್ತು, ನಾನೇ ಕೂತು ಬರೆದೆ. ಮೇಲಿಂದ ಓದಿ."

ಮೇಲಿನ ಸಾಲಿನಲ್ಲಿ ದೊಡ್ಡದಾಗಿ ಒಂದೇ ಅಕ್ಷರ. ನೀಲಿ ಬಣ್ಣದ್ದು. ದುಂಡನೆಯದು. ಬಾಲವನ್ನು ಚೇಳಿನ ಕೊಂಡಿಯ ಹಾಗೆ ಮೇಲಕ್ಕೆತ್ತಿ ಕೊಂಕಿಸಿದ್ದ 'ಳ'.

ಕ್ಲಚ್ಚಕ್ಕ ಮುಚ್ಚಳ ತೆಗೆದು ಎರಡೂ ಕಣ್ಣಿನಿಂದ ನೋಡಿದಳು. ಆಮೇಲೆ ಮತ್ತೆ ಮುಚ್ಚಳ ಇಟ್ಟುಕೊಂಡು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಓದಿದಳು: "ಗೋ... ಡೆ... ಗ... ಳೇ..."

"ಅಲ್ಲ ಅಕ್ಕ, ಅಲ್ಲಿ ಬರೀ ಳ..." ಎಂದವನು ಅಲ್ಲೇ ನಿಂತ.

"ದಾ... ರಿ... ಬಿ... ಡಿ. ಇನ್ನೂ ಕೆಳಗಿನ ಸಾಲು ಓದಲಾ, ಯಜಮಾನ್ರೇ? ಅದು ಸಣ್ಣ ಅಕ್ಷರ. ನನಗೆ ಹೇಳೋಕಾಗುತ್ತೆ, ನಿಮಗೆ ಕೇಳೋಕಾಗುತ್ತಾ ಗೊತ್ತಿಲ್ಲ."

ಅವನು ತನ್ನ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. ಮತ್ತೆ ತೆಗೆದ. ಕೊನೆಗೆ ಮೋಟು ಕುರ್ಚಿಯ ಮೇಲೆ ಕುಸಿದು, "ಮನೇಲಿ ಹೇಳ್ಬೇಡಿ ಅಕ್ಕ" ಎಂದ.

ಕಥೆ ಹೊರಗೆ ಬಂತು. ಹೆಂಡತಿಗೆ ಒಂದೇ ಏಟಿಗೆ ಲೈಸೆನ್ಸ್ ಸಿಕ್ಕಿತ್ತು. ಅವನೂ ಬೇರೆ ಕಡೆ ಗುಟ್ಟಾಗಿ ಕಲಿಯಲು ಹೋಗಿ, ಪರೀಕ್ಷೆಯಲ್ಲಿ ಮೇಲಿಂದ ಮೇಲೆ ಡುಮ್ಕಿ ಹೊಡೆದಿದ್ದ. ಹೆಂಡತಿ ಅಂಗಡಿಗೆ ತಂದು ಬಿಡುತ್ತಾಳೆ, ಸಂಜೆ ಕರೆದೊಯ್ಯುತ್ತಾಳೆ. ಟೀ ಕುಡಿಯುವ ಗೆಳೆಯರು ಅವನು ಇಳಿಯುವಾಗ ಬಾಗಿಲು ತೆಗೆದು ಸಲಾಮು ಹೊಡೆದು, "ಅಮ್ಮಾವ್ರ ಗಂಡ ಬಂದ್ರು, ದಾರಿ ಬಿಡಿ" ಎನ್ನುತ್ತಾರೆ.

"ಅವರಿಗೆ ಹೇಳೋಕೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋದಾಗ ಗೋಡೆ ಕಾಣಿಸ್ತು."

"ಗೋಡೆ ಕಾಣಿಸ್ತು, ನಾನು ಕಾಣಿಸ್ಲಿಲ್ಲ. ಅಲ್ವಾ?"

ಅವನು ತಲೆ ತಗ್ಗಿಸಿದ. ಕೇಳಲೋ ಬೇಡವೋ ಎನ್ನುವಂತೆ ಕೇಳಿದ: "ಅಕ್ಕ, ಆ 'ಅಮ್ಮಾವ್ರ ಗಂಡ' ಅನ್ನೋದರ ಅರ್ಥ ಯಾರು ಬರೆದಿದ್ದು?"

"ನಮ್ಮನೆಯವರು."

"ನಿಜವಾಗಲೂ ನಿದ್ದೆ ಮಾಡ್ತಾರಾ? ನಾಚಿಕೆ ಆಗಲ್ವಾ ಅವರಿಗೆ?"

"ನಾಚಿಕೆಯಾ? ಗೊರಕೆ ಹೊಡೀತಾರೆ. ಊರು ಬಂದ್ರೂ ಏಳಲ್ಲ."

ಅವನ ಮುಖದಲ್ಲಿ ಏನೋ ಸಡಿಲವಾಯಿತು. ಆದರೆ ಕ್ಲಚ್ಚಕ್ಕ ಅಷ್ಟಕ್ಕೆ ಬಿಡುವವಳಲ್ಲ. ಅವಳಿಗೆ ಬೇಕಿದ್ದದ್ದು ನರ್ಸಮ್ಮ. "ಕನ್ನಡಕ ಆಮೇಲೆ, ಮೊದಲು ಅಂಗಡಿಗೆ ಬಾಗಿಲು ಹಾಕಿ. ನಿಮ್ಮ ಬರಹದಿಂದ ಒಬ್ಬಳು ಪಾಠ ಬಿಟ್ಟಿದ್ದಾಳೆ. ಬಂದು ಅವಳೆದುರಿಗೆ ಹೇಳಿ" ಎಂದು ಕಾರು ಹತ್ತಿಸಿಕೊಂಡಳು. ದಾರಿಯುದ್ದಕ್ಕೂ ಅವನು ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ನರ್ಸಮ್ಮ ಚಹಾ ಕುಡಿಯುತ್ತಿದ್ದಳು. ಕನ್ನಡಕದ ಯಜಮಾನ ಅವಳ ಮುಂದೆ ನಿಂತು, ಎರಡು ಸಲ ನಮಸ್ಕಾರ ಮಾಡಿ, ತಾನೇ ಬರೆದವನೆಂದೂ ತಪ್ಪಾಯಿತೆಂದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಕ್ಲಚ್ಚಕ್ಕ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನ್ಯಾಯಾಧೀಶೆಯ ಹಾಗೆ ನಿಂತಿದ್ದಳು.

ನರ್ಸಮ್ಮ ಚಹಾದ ಲೋಟ ಕೆಳಗಿಟ್ಟಳು. "ನೀವಾ? ನಮ್ಮಮ್ಮನಿಗೆ ಕನ್ನಡಕ ಮಾಡಿಕೊಟ್ಟೋರು ನೀವೇ ಅಲ್ವಾ?" ಎಂದು ಅವನನ್ನು ನೋಡಿದಳು. ಆಮೇಲೆ ಕ್ಲಚ್ಚಕ್ಕನ ಕಡೆ ತಿರುಗಿದಳು. "ಆದರೆ ಅಕ್ಕ, ನಾನು ಬಿಟ್ಟಿದ್ದು ಇವರ ಬರಹ ನೋಡಿ ಅಲ್ಲ. ಅಂಥವು ನಮ್ಮ ಆಸ್ಪತ್ರೆ ಲಿಫ್ಟಿನಲ್ಲಿ ದಿನಾ ಇರುತ್ತೆ. ನೀವು ನಕ್ಕಿದ್ದು ನೋಡಿ ಬಿಟ್ಟೆ."

ಕ್ಲಚ್ಚಕ್ಕನ ಕೈ ಸೊಂಟದಿಂದ ತಾನಾಗಿಯೇ ಜಾರಿತು. ಪಕ್ಕಕ್ಕೆ ಸರಿದು ಒಂದು ಸ್ಟ್ರೆಚರಿಗೆ ದಾರಿ ಬಿಟ್ಟಳು.

"ನಗು ಬಂದ್ಬಿಡ್ತು ಕಣೇ" ಎಂದಳು, ಸಣ್ಣ ದನಿಯಲ್ಲಿ. "ಆ ಗೋಡೆ ಓಡಿಹೋಗೋ ಹಾಗೆ ಕಾಣಿಸ್ತು."

"ನನಗೂ ಬಂತು" ಎಂದಳು ನರ್ಸಮ್ಮ. "ಆದರೆ ಪಕ್ಕದಲ್ಲಿ ನೀವು ಮೊದಲು ನಕ್ರಿ. ಅಕ್ಕನೂ ನನ್ನ ಬಗ್ಗೆ ಹೀಗೇ ಅಂದ್ಕೊಂಡಿದ್ದಾರೆ ಅನ್ನಿಸ್ತು. ಆಮೇಲೆ ಕ್ಲಚ್ಚೇ ಮರೆತುಹೋಯ್ತು."

"ತಪ್ಪಾಯ್ತು" ಎಂದಳು ಕ್ಲಚ್ಚಕ್ಕ. ತಾನು ಅಷ್ಟು ಹೊತ್ತು ಯಜಮಾನನ ಬಾಯಿಂದ ಹಿಂಡಿ ತೆಗೆಸಿದ್ದ ಅದೇ ಮಾತು. ಯಜಮಾನ ಜಾಣ, ಆಕಾಶ ನೋಡುತ್ತಿದ್ದ.

ನರ್ಸಮ್ಮ ಉಳಿದ ಚಹಾ ಕುಡಿದು ಮುಗಿಸಿದಳು. "ನಾಳೆ ಬರ್ತೀನಿ. ಆದರೆ ನಾನು ರಿವರ್ಸ್ ತೆಗೆಯುವಾಗ ಇವರು ಹಿಂದಿನ ಸೀಟಿನಲ್ಲಿ ಕೂತಿರಬೇಕು."

ಯಜಮಾನನ ಮುಖ ಬಿಳಿಚಿತು. ಆದರೂ ಮಾರನೆಯ ಬೆಳಿಗ್ಗೆ ಬಂದ. ಹಿಂದಿನ ಸೀಟಿನ ನಡುವೆ, ಎರಡೂ ಕೈಯಲ್ಲಿ ಮುಂದಿನ ಸೀಟುಗಳನ್ನು ಹಿಡಿದು, ಕಣ್ಣು ಮುಚ್ಚಿ ಕೂತ. ನರ್ಸಮ್ಮ ಗೇರು ಹಾಕಿದಳು. ಕ್ಲಚ್ಚಕ್ಕ ಕೂಗಲಿಲ್ಲ. ಕೂಗದಿರಲು ಅವಳು ಸೆರಗಿನ ತುದಿಯನ್ನು ಕಚ್ಚಿ ಹಿಡಿದಿದ್ದಳು. ಗಾಡಿ ಇಷ್ಟಿಷ್ಟೇ ಹಿಂದಕ್ಕೆ ಸರಿಯಿತು. ಒಂದು ಡಬ್ಬಿ ಉರುಳಿತು, ಯಜಮಾನ "ಅಮ್ಮಾ" ಎಂದ. ಎರಡನೆಯ ಸಲ ಯಾವ ಡಬ್ಬಿಯೂ ಬೀಳಲಿಲ್ಲ, ಆದರೆ ಗಾಡಿ ಸೊಟ್ಟಗೆ ನಿಂತಿತು. ಮೂರನೆಯ ಸಲಕ್ಕೆ ಅವಳ ಕೈಗೆ ನರ ಸಿಕ್ಕಂತಾಯಿತು. ಎರಡು ಡಬ್ಬಿಗಳ ನಡುವೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ, ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು.

"ಆಯ್ತಾ?" ಎಂದ ಯಜಮಾನ, ಕಣ್ಣು ಮುಚ್ಚಿಕೊಂಡೇ.

"ಇಳಿದು ನೋಡಿ" ಎಂದಳು ನರ್ಸಮ್ಮ.

ಅವನು ಇಳಿದು ನೋಡಿದ. ಗಾಡಿಯ ಸುತ್ತ ಒಂದು ಸುತ್ತು ಬಂದ. ಚಕ್ರಕ್ಕೂ ಡಬ್ಬಿಗೂ ನಡುವೆ ಕೈಯಿಟ್ಟು ಅಳೆದ. ಆಮೇಲೆ ಕಿಟಕಿಯ ಬಳಿ ಬಂದು ಬಗ್ಗಿ, ಬಹಳ ಮೆಲ್ಲಗೆ ಕೇಳಿದ: "ಇದು ಹೇಗೆ ಮಾಡಿದ್ರಿ? ನನಗೆ ಇದೇ ಬರಲ್ಲ."

ಆ ವಾರವೇ ಅವನು ಕ್ಲಚ್ಚಕ್ಕನಿಗೆ ಕನ್ನಡಕ ಮಾಡಿಕೊಟ್ಟು, ಶಿಷ್ಯನಾಗಿ ಸೇರಿದ. ರೂಢಿ ತಪ್ಪಿದೆ ಎನ್ನಲಿಲ್ಲ. ಏನೂ ಬರುವುದಿಲ್ಲ ಎಂದೇ ಹೇಳಿದ. ಹೆಂಡತಿಗೆ ವಿಷಯವನ್ನು ತಾನೇ ತಿಳಿಸಿದನಂತೆ. ಅವಳು ಏನೆಂದಳೆಂದು ಕೇಳಿದರೆ, "ಏನೂ ಅನ್ನಲಿಲ್ಲ ಅಕ್ಕ, ಎರಡು ದಿನ ಬಸ್ಸಿನಲ್ಲಿ ಬಂದೆ" ಎಂದ. ಗೋಡೆಯ ಮೇಲೆ ಇದ್ದಿಲು, ಸೀಮೆಸುಣ್ಣದಲ್ಲಿ ಬರೆದವೆಲ್ಲ ಅಳಿಸತೊಡಗಿದಾಗ ಬ್ಯಾಂಕಿನವಳು ಅವನಿಗೆ ಕುಂಚ ಕೊಟ್ಟು, ಒಂದೊಂದನ್ನೂ ಮುತ್ತಿನಂಥ ಅಕ್ಷರಗಳಲ್ಲಿ ತಿದ್ದಿಸಿದಳು. ಅವನು ಬೇಡವೆನ್ನದೆ ಬರೆದ. ಅತ್ತೆಯನ್ನು ಒಂದು ದಿನ ಕರೆತಂದು ತೋರಿಸಿದರು. ಅವರು 'ಬಜಾರಿ'ಯ ಮುಂದೆ ಬಹಳ ಹೊತ್ತು ನಿಂತು, "ಅಕ್ಷರ ಚೆನ್ನಾಗಿದೆ, ಆದರೆ ಗೋಡೆ ತೇವ ಹಿಡಿದಿದೆ" ಎಂದಷ್ಟೇ ಹೇಳಿದರು.

ನರ್ಸಮ್ಮನಿಗೆ ಲೈಸೆನ್ಸ್ ಬಂತು. ಬಂದ ದಿನ ಅವಳು ಮೈದಾನಕ್ಕೆ ಬಂದು, "ಅಕ್ಕ, ಇವತ್ತು ನೀವು ಇಳೀರಿ. ಒಂದು ರೌಂಡ್ ಒಬ್ಬಳೇ ಹೋಗಿ ಬರ್ತೀನಿ" ಎಂದಳು. ಕ್ಲಚ್ಚಕ್ಕ ಇಳಿದಳು. ಕಾರು ಮೈದಾನ ದಾಟಿ, ಬಸ್ಸು ಲಾರಿಗಳ ರಸ್ತೆಗೆ ಇಳಿದು, ಸಾಲಿನಲ್ಲಿ ಸೇರಿಕೊಂಡು ಕಣ್ಮರೆಯಾಯಿತು. ಇವಳ ಬಲಗಾಲು ಮಾತ್ರ ಮಣ್ಣನ್ನು ಬಲವಾಗಿ ಒತ್ತುತ್ತಲೇ ಇತ್ತು.

ತನ್ನ ಪಾಠಕ್ಕೆಂದು ಬಂದು ನಿಂತಿದ್ದ ಯಜಮಾನ ಕೇಳಿದ: "ಕಾಲು ನೋವಾ ಅಕ್ಕ?"

"ಬ್ರೇಕು ಹುಡುಕ್ತಿದ್ದೆ" ಎಂದಳು.

ಸ್ವಲ್ಪ ಹೊತ್ತಿಗೆ ಕಾರು ಇನ್ನೊಂದು ಬದಿಯಿಂದ ಬಂದು ಅವರಿಬ್ಬರ ಮುಂದೆ ನಿಂತಿತು. ಎಂಜಿನ್ ಆರಲಿಲ್ಲ. ನರ್ಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಮೂಗಿನ ಮೇಲೆ ಬೆವರು, ಮುಖ ಊರಗಲ.

"ಇನ್ನೊಂದು ರೌಂಡ್ ಹೋಗ್ತೀನಿ ಅಕ್ಕ" ಎಂದವಳು ಒಪ್ಪಿಗೆಗೆ ಕಾಯದೆ ಹೊರಟೇಬಿಟ್ಟಳು.

"ಈಗ ನನ್ನ ಸರದಿ ಇತ್ತು..." ಎಂದು ಯಜಮಾನ ಗೊಣಗಿದ.

"ಕಾಯ್ರಿ" ಎಂದಳು ಕ್ಲಚ್ಚಕ್ಕ.